ದುಬಾರಿ ರೈಡಿಂಗ್ ಜಾಕೆಟ್ ಬೇಕೇ?

ಪ್ರಶ್ನೆ: ವಾರಾಂತ್ಯಕ್ಕೆ ಬೈಕಿನಲ್ಲಿ ಚಿಕ್ಕಮಗಳೂರಿಗೆ ಹೋಗುವ ಮಗ ದುಬಾರಿ ರೈಡಿಂಗ್ ಜಾಕೆಟ್ ಕೇಳುತ್ತಿದ್ದಾನೆ. ಅಷ್ಟು ದುಡ್ಡು ಸುರಿಯಬೇಕೇ?

ಉತ್ತರ: ಕೊಡಿಸಿ ಅಮ್ಮಾ, ಆದರೆ ಬೆಲೆ ನೋಡುವ ಮೊದಲು ಒಳಗಿನ ಲೇಬಲ್ ಓದಿ. ‘ಇಎನ್ 17092’ ಜೊತೆಗೆ ಎಎ ಅಥವಾ ಎಎಎ ದರ್ಜೆ ಇದ್ದರೆ ಬಟ್ಟೆ ರಸ್ತೆಗೆ ಉಜ್ಜಿದರೂ ಬೇಗ ಹರಿಯುವುದಿಲ್ಲ. ಭುಜ, ಮೊಣಕೈಗಳ ಪ್ಯಾಡ್ ‘ಲೆವೆಲ್ 2’ ಆಗಿದ್ದರೆ ಪೆಟ್ಟನ್ನು ಹೆಚ್ಚು ತಡೆಯುತ್ತದೆ. ಮಗ ಅದನ್ನು ತೊಟ್ಟು, ಹ್ಯಾಂಡಲ್ ಹಿಡಿದಂತೆ ಕೈ ಚಾಚಲಿ. ಮೊಣಕೈ ಪ್ಯಾಡ್ ಜರುಗಿದರೆ ಆ ಜಾಕೆಟ್ ಬೇಡ. ಬ್ರ್ಯಾಂಡಿನ ಹೆಸರಿಗೆ, ಬಣ್ಣಕ್ಕೆ ಹೆಚ್ಚು ಹಣ ತೆರಬೇಡಿ.

ದುಡ್ಡು ಸಾಲದಿದ್ದರೆ ಮೊದಲು ಐಎಸ್‌ಐ ಗುರುತಿನ, ತಲೆಗೆ ಬಿಗಿಯಾಗಿ ಕೂರುವ ಫುಲ್‌ಫೇಸ್ ಹೆಲ್ಮೆಟ್ ಕೊಡಿಸಿ. ಬೀಳುವಾಗ ಯಾರಾದರೂ ಅಂಗೈ ಊರುತ್ತಾರೆ, ಹಾಗಾಗಿ ಆಮೇಲೆ ಗ್ಲೌಸ್. ಜಾಕೆಟ್ ಅದರ ನಂತರ. ಅಪಘಾತದಲ್ಲಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮಾತ್ರ ಮತ್ತೆ ಹಾಕಲು ಬಿಡಬೇಡಿ.