ಕಂಪೈಲರಿನ ಬೆಲೆ ಮತ್ತು ಗಣಕಭಾಷೆಗಳ ಪ್ರಸಾರ

ಗಣಕಯಂತ್ರಕ್ಕೆ ಕೊಡಬೇಕಾದ ಆದೇಶಗಳನ್ನು ನಾವು ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತೇವೆ. ಯಂತ್ರವು ಆ ಬರಹವನ್ನು ನೇರವಾಗಿ ಗ್ರಹಿಸಲಾರದು. ಅದನ್ನು ಯಂತ್ರಸಂಕೇತಕ್ಕೆ ಮಾರ್ಪಡಿಸುವ ತಂತ್ರಾಂಶವೇ ಕಂಪೈಲರು. ಭಾಷೆಯ ನಿಯಮಗಳನ್ನು ಪುಸ್ತಕದಿಂದ ಕಲಿಯಬಹುದು. ಆದರೆ ಇಂಥ ಸಾಧನವಿಲ್ಲದೆ ಅಭ್ಯಾಸ ಸಾಧ್ಯವಿಲ್ಲ. ಆದುದರಿಂದ ಭಾಷೆಯೊಂದರ ಪ್ರಸಾರವು ಅದರ ಗುಣವನ್ನು ಮಾತ್ರವಲ್ಲದೆ ಕಂಪೈಲರಿನ ಬೆಲೆಯನ್ನೂ ಪರವಾನಗಿಯ ನಿಬಂಧನೆಗಳನ್ನೂ ಅವಲಂಬಿಸುತ್ತದೆ. ಇದಕ್ಕೆ ಮೂರು ನಿದರ್ಶನಗಳನ್ನು ನೋಡಬಹುದು.

ಮೊದಲನೆಯದು ಬೇಸಿಕ್. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಗಣಿತ ಪ್ರಾಧ್ಯಾಪಕರಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಅವರು 1964ರಲ್ಲಿ ಇದನ್ನು ಬಳಕೆಗೆ ತಂದರು. ವಿಜ್ಞಾನವನ್ನು ಓದದವರೂ ಗಣಕವನ್ನು ಬಳಸಬೇಕೆಂಬುದು ಅವರ ಸಂಕಲ್ಪವಾಗಿತ್ತು. ಗ್ರಂಥಾಲಯದ ಪುಸ್ತಕದಂತೆ ಗಣಕವೂ ವಿದ್ಯಾರ್ಥಿಗೆ ಉಚಿತವಾಗಿ ದೊರೆಯಬೇಕೆಂದು ಬಗೆದ ಅವರು ಕಂಪೈಲರಿಗೂ ಬೆಲೆ ಕಟ್ಟಲಿಲ್ಲ. ಮುಂದೆ ಪುಟ್ಟ ಗಣಕಗಳು ಬಂದಾಗ ಅನೇಕರ ಮೊದಲ ಗಣಕಭಾಷೆ ಬೇಸಿಕ್ಕೇ ಆಯಿತು.

ಎರಡನೆಯದು ಪಾಸ್ಕಲ್. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ ಅವರು 1970ರಲ್ಲಿ ಬೋಧನೆಗೆಂದೇ ಇದನ್ನು ರೂಪಿಸಿದರು. ಆದರೆ ಪುಟ್ಟ ಗಣಕಗಳಿಗೆ ದೊರೆಯುತ್ತಿದ್ದ ಕಂಪೈಲರುಗಳಿಗೆ ನೂರಾರು ಡಾಲರ್ ತೆರಬೇಕಾಗಿತ್ತು. 1983ರಲ್ಲಿ ಬೋರ್ಲಂಡ್ ಸಂಸ್ಥೆಯು ಟರ್ಬೋ ಪಾಸ್ಕಲನ್ನು 49.95 ಡಾಲರಿಗೆ ಮಾರಾಟಕ್ಕಿಟ್ಟಿತು. ಅದರ ಪರವಾನಗಿಯೂ ಸರಳವಾಗಿತ್ತು: ಪುಸ್ತಕವೊಂದನ್ನು ಒಬ್ಬರಾದ ಮೇಲೊಬ್ಬರು ಓದುವಂತೆ ಇದನ್ನೂ ಬಳಸಬಹುದು; ಏಕಕಾಲಕ್ಕೆ ಎರಡು ಕಡೆ ಬಳಸಬಾರದು, ಅಷ್ಟೆ. ಇದರಿಂದ ಪಾಸ್ಕಲ್ ವಿದ್ಯಾರ್ಥಿಗಳ ಮನೆಯನ್ನೂ ತಲುಪಿತು.

ಮೂರನೆಯದು ಏಡಾ. ಅಮೆರಿಕದ ರಕ್ಷಣಾ ಇಲಾಖೆಯು ಬೆಳೆಸಿದ ಈ ಭಾಷೆಯು ದೋಷಗಳನ್ನು ಮೊದಲೇ ಪತ್ತೆಮಾಡುವಂತೆ ರಚಿತವಾದುದು. ಆದರೆ ಏಡಾ ಎಂಬ ಹೆಸರೇ 1987ರವರೆಗೆ ಇಲಾಖೆಯ ವ್ಯಾಪಾರಮುದ್ರೆಯಾಗಿತ್ತು. ನಿಗದಿತ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಕಂಪೈಲರು ಆ ಹೆಸರನ್ನು ಧರಿಸುವಂತಿರಲಿಲ್ಲ. ಕಂಪೈಲರುಗಳು ದುಬಾರಿಯಾಗಿಯೇ ಉಳಿದವು. 1990ರ ದಶಕದಲ್ಲಿ ವಾಯುಪಡೆಯ ಧನಸಹಾಯದಿಂದ ನ್ಯೂಯಾರ್ಕ್ ವಿಶ್ವವಿದ್ಯಾಲಯವು ಗ್ನ್ಯಾಟ್ ಎಂಬ ಉಚಿತ ಕಂಪೈಲರನ್ನು ಸಿದ್ಧಪಡಿಸಿತು. ಅಷ್ಟರಲ್ಲಿ ಕಾಲ ಮಿಂಚಿತ್ತು. ಸಿ ಭಾಷೆಗೆ 1987ರಲ್ಲೇ ರಿಚರ್ಡ್ ಸ್ಟಾಲ್‌ಮನ್ ಅವರ ಮುಕ್ತ ಕಂಪೈಲರು ದೊರೆತು, ಕಲಿಯುವವರು ಅತ್ತ ಸಾಗಿದ್ದರು. ಏಡಾ ವಿಮಾನ, ರೈಲ್ವೆಗಳಂಥ ಕ್ಷೇತ್ರಗಳಲ್ಲಿ ಇಂದಿಗೂ ಬಳಕೆಯಲ್ಲಿದೆ, ಜನಸಾಮಾನ್ಯರ ಭಾಷೆಯಾಗಲಿಲ್ಲ.

ಬೆಲೆಯೊಂದೇ ಎಲ್ಲವನ್ನೂ ನಿರ್ಧರಿಸುತ್ತದೆಂದು ಹೇಳಲಾಗದು. ಪಾಸ್ಕಲ್ ಅಗ್ಗವಾದರೂ ಕಾಲಕ್ರಮದಲ್ಲಿ ಹಿಂದೆ ಸರಿಯಿತು. ಆದರೂ ಕಲಿಯುವ ವಯಸ್ಸಿನಲ್ಲಿ ಕೈಗೆಟುಕಿದ ಭಾಷೆಯೇ ಮುಂದೆ ಕಾಯಕದ ಭಾಷೆಯಾಗುವುದು ಸಹಜ. ತಡವಾಗಿ ಬಂದ ಔದಾರ್ಯವು ಕಳೆದುಹೋದ ಕಲಿಕೆಯ ವರುಷಗಳನ್ನು ಮರಳಿ ತರಲಾರದು.

ಇನ್ನೊಂದು ಮಾತು. ಉಚಿತವೆಂಬುದು ವೆಚ್ಚವಿಲ್ಲದ್ದಲ್ಲ. ಕಂಪೈಲರಿನ ಹಿಂದೆ ಯಾರದೋ ದುಡಿಮೆ ಇದೆ, ಯಾರದೋ ಧನವಿದೆ. ಪ್ರಸಾದನಿಲಯದ ಪಂಕ್ತಿಯಲ್ಲಿ ಕುಳಿತ ಬಾಲಕನು ಅನ್ನದ ಬೆಲೆಯನ್ನು ಕೇಳುವುದಿಲ್ಲ. ಆ ಭಾರವನ್ನು ಭಕ್ತರು ಮೊದಲೇ ಹೊತ್ತಿರುತ್ತಾರೆ. ಜ್ಞಾನದಾಸೋಹದ ರೀತಿಯೂ ಇದೇ. ಶಾಲೆಗೆ ತಂತ್ರಾಂಶವನ್ನು ಆರಿಸುವ ಅಧ್ಯಾಪಕರು ಅದರ ಬೆಲೆಯ ಜೊತೆಗೆ, ವಿದ್ಯಾರ್ಥಿಯು ಅದನ್ನು ಮನೆಗೂ ಒಯ್ಯಬಹುದೇ ಎಂಬುದನ್ನು ಪರವಾನಗಿಯಲ್ಲಿ ಓದಿ ತಿಳಿಯಬೇಕು. ಇಂದು ಉತ್ತಮ ಕಂಪೈಲರುಗಳು ಉಚಿತವಾಗಿಯೇ ದೊರೆಯುತ್ತವೆ. ಯಂತ್ರ, ವಿದ್ಯುತ್ತು ಮತ್ತು ಬಲ್ಲ ಗುರುಗಳು ಹಾಗೆ ದೊರೆಯುವುದಿಲ್ಲ. ದಾನಿಗಳ ನೆರವು ಸಲ್ಲಬೇಕಾದುದು ಅಲ್ಲಿಗೆ, ಅದೂ ಸಕಾಲದಲ್ಲಿ.