ಅಜೇಲಿಯಾ: ಕೃಷಿ ಮತ್ತು ರೋಗನಿವಾರಣೆ

ಉದ್ಯಾನಗಳಲ್ಲಿ ಬೆಳೆಸುವ ಪೊದೆಗಿಡಗಳ ಪೈಕಿ ಅಜೇಲಿಯಾಕ್ಕೆ ವಿಶಿಷ್ಟವಾದ ಸ್ಥಾನವುಂಟು. ವಸಂತದಲ್ಲಿ ಎಲೆಯೇ ಕಾಣದಂತೆ ಹೂ ಹೊದೆಯುವ ಈ ಗಿಡ ರೋಗ ತಗುಲಿದರೆ ಕೆಲವೇ ದಿನಗಳಲ್ಲಿ ಹೂವನ್ನೆಲ್ಲ ಕಳೆದುಕೊಳ್ಳುತ್ತದೆ; ಬೇರು ಕೊಳೆತರೆ ಗಿಡವೇ ಉಳಿಯುವುದಿಲ್ಲ. ಇದರ ಕಾರಣಗಳನ್ನೂ ನಿವಾರಣೋಪಾಯಗಳನ್ನೂ ಸಸ್ಯಶಾಸ್ತ್ರದ ವಿದ್ಯಾರ್ಥಿಯಾದ ನಾನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸುತ್ತೇನೆ.

ಮೊದಲು ಹೆಸರಿನ ವಿಚಾರ. 1753ರಲ್ಲಿ ಲಿನೇಯಸನು ಅಜೇಲಿಯಾ, ರೋಡೋಡೆಂಡ್ರಾನ್ ಎಂಬ ಎರಡು ಬೇರೆ ಜಾತಿಗಳನ್ನು ಹೇಳಿದನು. ಐದು ಕೇಸರಗಳಿದ್ದರೆ ಮೊದಲನೆಯದು, ಹತ್ತಿದ್ದರೆ ಎರಡನೆಯದು. ಈ ಭೇದ ಎಲ್ಲ ಕಡೆಗೂ ಸಲ್ಲದೆಂದು ಕಂಡ ಮುಂದಿನ ಶಾಸ್ತ್ರಜ್ಞರು ಎರಡನ್ನೂ ರೋಡೋಡೆಂಡ್ರಾನ್ ಜಾತಿಯಲ್ಲಿಯೇ ಸೇರಿಸಿದರು. ಆದುದರಿಂದ ನೀಲಗಿರಿಯ ಶೋಲಾ ಕಾಡುಗಳ ಅಂಚಿನಲ್ಲಿ ಕೆಂಪು ಹೂ ಬಿಡುವ ರೋಡೋಡೆಂಡ್ರಾನ್ ಮರವು ಇದರ ದಾಯಾದಿಯೇ ಸರಿ. ತೋಟದ ಅಜೇಲಿಯಾಗಳಲ್ಲಿ ಹೆಚ್ಚಿನವುಗಳ ತವರು ಪೂರ್ವ ಏಷ್ಯ. ಜಪಾನಿನ ಕುರುಮೆ ಪಟ್ಟಣದ ತಳಿಗಳಲ್ಲಿ 50ನ್ನು ಇ. ಎಚ್. ವಿಲ್ಸನ್ 1918ರಲ್ಲಿ ಆರಿಸಿ ಅಮೆರಿಕಕ್ಕೆ ತರಿಸಿದನು.

ಅಜೇಲಿಯಾಕ್ಕೆ ತಂಪು ಹವೆ, ಚೆದುರಿದ ನೆರಳು, ಹುಳಿಮಣ್ಣು ಬೇಕು. ಮಣ್ಣಿನ ಪಿಎಚ್ 4.5ರಿಂದ 6ರೊಳಗಿರುವುದು ಉತ್ತಮ. ಸುಣ್ಣದಂಶದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕದು; ಆಗ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ನಮ್ಮ ಬಯಲುಸೀಮೆಯಲ್ಲಿ ಗಡಸು ನೀರಿನ ಕೊಳವೆಬಾವಿಗಳನ್ನು ನೆಚ್ಚಿದವರು ಇದನ್ನು ನೆನಪಿಡಬೇಕು, ಮಳೆನೀರು ಶ್ರೇಷ್ಠ. ಬೇರುಗಳು ನವಿರಾಗಿ ಮೇಲ್ಮಣ್ಣಿನಲ್ಲಿಯೇ ಹರಡುವುದರಿಂದ ಬುಡವನ್ನು ಅಗೆಯದೆ ತರಗೆಲೆ ಹೊದಿಸಬೇಕು. ಹೂ ಮುಗಿದ ಕೂಡಲೇ ಸವರಬೇಕು. ತಡಮಾಡಿದರೆ ಮುಂದಿನ ವರ್ಷದ ಮೊಗ್ಗುಗಳನ್ನೇ ಕತ್ತರಿಸಿದಂತಾಗುತ್ತದೆ.

ಇನ್ನು ರೋಗಗಳು. ಮುಖ್ಯವಾದುವು ಮೂರು, ಮೂರಕ್ಕೂ ಶಿಲೀಂಧ್ರಗಳು ಅಥವಾ ಅವನ್ನು ಹೋಲುವ ಸೂಕ್ಷ್ಮಜೀವಿಗಳು ಕಾರಣ.

ಮೊದಲನೆಯದು ಎಸಳುಕೊಳೆ. ಅಮೆರಿಕದ ದಕ್ಷಿಣ ಕೆರೊಲೀನದಲ್ಲಿ 1931ರಲ್ಲಿ ಇದು ಕಾಣಿಸಿತು. ಗುಂಡುಸೂಜಿಯ ತಲೆಯಷ್ಟು ಚುಕ್ಕೆಗಳು ಬೇಗನೆ ಹರಡಿ ಎಸಳು ಲೋಳೆಯಾಗುತ್ತದೆ. ಬೆರಳಿನಿಂದ ಉಜ್ಜಿದರೆ ಕರಗಿಹೋಗುತ್ತದೆ. ಬರಿಯ ಬಿಸಿಲಿಗೆ ಬಾಡಿದ ಎಸಳು ಹೀಗಾಗುವುದಿಲ್ಲ. ಒಣಗಿದ ಎಸಳಿನಲ್ಲಿ ಹುಟ್ಟುವ ಕಪ್ಪು ಗಂಟುಗಳು ನೆಲಕ್ಕೆ ಬಿದ್ದು ಮುಂದಿನ ವಸಂತದಲ್ಲಿ ಮತ್ತೆ ರೋಗವನ್ನು ಹರಡುತ್ತವೆ. ಆದಕಾರಣ ರೋಗದ ಹೂಗಳನ್ನು ಗಿಡದಿಂದಲೂ ನೆಲದಿಂದಲೂ ಆಯ್ದು ಸುಡಬೇಕು. ಹಳೆಯ ತರಗನ್ನು ತೆಗೆದು ಹೊಸದನ್ನು ಹಾಸಬೇಕು. ಹೂವಿನ ಮೇಲೆ ನೀರು ಚಿಮುಕಿಸಕೂಡದು.

ಎರಡನೆಯದು ಎಲೆಗಂಟು. ಎಳೆಯ ಎಲೆಗಳು ದಪ್ಪನಾಗಿ ಉಬ್ಬಿ, ಬಳಿಕ ಅವುಗಳ ಮೇಲೆ ಬಿಳಿಯ ಪುಡಿ ಕಟ್ಟುತ್ತದೆ. ಆ ಪುಡಿಯೇ ರೋಗದ ಬೀಜಾಣು. ಬಿಳುಪೇರುವ ಮುನ್ನವೇ ಕೈಯಿಂದ ಕಿತ್ತು ನಾಶಮಾಡಿದರೆ ಸಾಕು.

ಮೂರನೆಯದು ಬೇರುಕೊಳೆ, ಎಲ್ಲಕ್ಕಿಂತ ಘೋರವಾದುದು. ಇದರ ಕಾರಣವಾದ ಫೈಟಾಫ್ತೊರ ಸಿನಮೋಮಿ ಎಂಬುದನ್ನು 1922ರಲ್ಲಿ ಸುಮಾತ್ರದ ದಾಲ್ಚಿನ್ನಿ ಮರಗಳಿಂದ ಗುರುತಿಸಿದರು. ನಮ್ಮ ಅಡಕೆಯ ಕೊಳೆರೋಗದ ಜೀವಿಯೂ ಇದೇ ಫೈಟಾಫ್ತೊರ ಜಾತಿಯದು. ನಿಂತ ನೀರಿನಲ್ಲಿ ಇದರ ಬೀಜಾಣುಗಳು ಈಜಿ ಬೇರನ್ನು ಸೇರುತ್ತವೆ. ಬೇರು ಕೊಳೆತಾಗ ನೆಲ ಒದ್ದೆಯಿದ್ದರೂ ಎಲೆ ಬಾಡುತ್ತದೆ. ಬಾಡಿದ ಗಿಡವನ್ನು ಕಂಡರೆ ನಮ್ಮ ಕೈ ತಾನಾಗಿಯೇ ನೀರಿನ ಕೊಡದತ್ತ ಹೋಗುತ್ತದೆ. ಆ ಕರುಣೆಯೇ ಗಿಡಕ್ಕೆ ಮೃತ್ಯುವಾಗುತ್ತದೆ. ಮೊದಲು ಮಣ್ಣನ್ನು ಮುಟ್ಟಿ ನೋಡಬೇಕು. ಎತ್ತರದ ಪಾತಿಯಲ್ಲಿ ನೀರು ಬಸಿದುಹೋಗುವಂತೆ ನೆಡುವುದೇ ಇದಕ್ಕೆ ಮುಖ್ಯವಾದ ರಕ್ಷೆ.

ಔಷಧ ಸಿಂಪಡಿಸುವುದರಿಂದ ಪ್ರಯೋಜನವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಬೇರು ಪೂರ್ತಿ ಕೊಳೆತ ಮೇಲೆ ಔಷಧಕ್ಕೆ ಓಡುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಬಾಡುವಿಕೆ ಒಂದೇ ಲಕ್ಷಣ. ಕಾರಣ ಬಾಯಾರಿಕೆಯೋ ಕೊಳೆಯೋ ಎಂದು ಕೇಳಿಕೊಂಡ ಬಳಿಕವೇ ಕೈಹಚ್ಚುವುದು ವಿವೇಕ. ಈ ಪಾಠ ಮಲ್ಲಿಗೆ, ಗುಲಾಬಿ ಬೆಳೆಸುವವರಿಗೂ ಸಲ್ಲುತ್ತದೆ.