ಕೈಯಲ್ಲಿ ಫೋನು, ಕಣ್ಣಲ್ಲಿ ಅಕ್ಷರ



ನಮ್ಮ ಹೆಬ್ಬಾಳದಲ್ಲಿ ಈಗ ಎಲ್ಲಿ ನೋಡಿದರೂ ಫೋನು. ಮಗಳು ದೂರದ ಊರಿನಲ್ಲಿದ್ದರೂ ಮುಖ ನೋಡಿ ಮಾತಾಡಬಹುದು. ಮೊದಲು ಹಾಗಿತ್ತೇ? ಕಾಗದ ಬರಬೇಕಿತ್ತು. ಅದನ್ನು ಯಾರ ಕೈಲಾದರೂ ಓದಿಸಬೇಕಿತ್ತು. ಮನೆಯ ಗುಟ್ಟು ಓದಿದವರಿಗೂ ಗೊತ್ತಾಗುತ್ತಿತ್ತು.

ಬಸ್ಸೂ ನಮಗೆ ಹತ್ತಿರವಾಗಿದೆ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಅದರಿಂದ ಹೆಣ್ಣುಮಕ್ಕಳು ದುಡ್ಡು ಕೊಡದೆ ಬಸ್ಸಿನಲ್ಲಿ ಓಡಾಡುವಂತಾಯಿತು. ಗಂಡನ ಮುಂದೆ, ಮಗನ ಮುಂದೆ ಕೈ ಚಾಚುವುದು ತಪ್ಪಿತು.

ಫೋನು ಇದೆ, ಬಸ್ಸು ಇದೆ. ಇನ್ನು ಓದು ಯಾಕೆ? ಹೀಗೆ ಕೇಳುವವರಿದ್ದಾರೆ. ನಾನೂ ಇಬ್ಬರು ಮಕ್ಕಳ ತಾಯಿ. ನನ್ನ ಮಾತು ಇಷ್ಟೇ: ಫೋನು ದಾರಿ ತೋರಿಸುತ್ತದೆ. ಆದರೆ ಅದು ಸರಿಯೋ ತಪ್ಪೋ ಎಂದು ನಾವೇ ಓದಿ ನೋಡಬೇಕು.

ಎರಡು ಹೆಬ್ಬಾಳ

ನಮ್ಮದು ಮೈಸೂರಿನ ಹೆಬ್ಬಾಳ. ಬೆಂಗಳೂರಿನಲ್ಲೂ ಒಂದು ಹೆಬ್ಬಾಳ ಇದೆ. ಅದು ಇಲ್ಲಿಂದ ಸುಮಾರು 150 ಕಿಲೋಮೀಟರು ದೂರ. ಫೋನಿನಲ್ಲಿ ಬರೀ 'ಹೆಬ್ಬಾಳ' ಎಂದು ಹುಡುಕಿದರೆ ಆ ಊರಿನ ದಾರಿಯೂ ಬರಬಹುದು. ಯಾವ ಹೆಬ್ಬಾಳ ನಮ್ಮದು ಎಂದು ಫೋನಿಗೇನು ಗೊತ್ತು? ಮುಂದೆ 'ಮೈಸೂರು' ಎಂದು ಇದೆಯೇ, ಓದಿ ನೋಡಿ.

ಅವ್ವ ಓದಿದ ಬೋರ್ಡು

ನಮ್ಮ ಕಲಿಕಾ ಕೇಂದ್ರದ ಒಬ್ಬ ತಾಯಿ ಮದ್ದೂರಿಗೆ ಹೊರಟಿದ್ದರು. ಮಗಳ ಹೆರಿಗೆಯ ದಿನ ಹತ್ತಿರವಾಗಿತ್ತು. ಜೊತೆಯಲ್ಲಿ ಮಗ ಇದ್ದ. ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸು ನಿಂತಿತ್ತು. ಆಗಲೇ ಕತ್ತಲಾಗುತ್ತಿತ್ತು.

ಮಗ ಫೋನು ನೋಡುತ್ತಲೇ ಹೇಳಿದ, "ಇದೇ ಬಸ್ಸು, ಬೇಗ ಹತ್ತವ್ವ."

"ಇರಪ್ಪ, ಬೋರ್ಡು ನೋಡು. ತ-ಡೆ-ರ-ಹಿ-ತ ಅಂತ ಬರೆದದೆ."

"ಹಂಗಂದ್ರೆ?"

"ನಡುವೆ ಎಲ್ಲೂ ನಿಲ್ಲಲ್ಲ ಅಂತ. ಹತ್ತಿದ್ರೆ ಬೆಂಗಳೂರಲ್ಲೇ ಇಳೀಬೇಕು. ಅಲ್ಲಿ ನಿನ್ನ ಅಕ್ಕನ್ನ ನೋಡೋರು ಯಾರು?"

ಅವರು ಮದ್ದೂರಿನಲ್ಲಿ ನಿಲ್ಲುವ ಬಸ್ಸು ಹತ್ತಿದರು. ಹೊತ್ತಿಗೆ ಸರಿಯಾಗಿ ಮಗಳ ಹತ್ತಿರ ಇದ್ದರು. ಮಗನಿಗೆ ಫೋನು ಗೊತ್ತಿತ್ತು. ತಾಯಿಗೆ ಐದು ಅಕ್ಷರ ಗೊತ್ತಿತ್ತು. ಆ ದಿನ ನಡೆದದ್ದು ಆ ಐದು ಅಕ್ಷರ.

ಹೊರಡುವ ಮುಂಚೆ

ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಇಟ್ಟುಕೊಳ್ಳಿ. ಬಸ್ಸಿನಲ್ಲಿ ಶೂನ್ಯ ದರದ ಟಿಕೆಟ್ ಕೇಳಿ ಪಡೆಯಿರಿ. ನಗರ ಸಾರಿಗೆ, ಸಾಮಾನ್ಯ, ವೇಗದೂತ ಬಸ್ಸುಗಳಿಗೆ ಶಕ್ತಿ ಯೋಜನೆ ಇದೆ. ರಾಜಹಂಸ, ಐರಾವತಗಳಿಗೆ ಇಲ್ಲ. ಊಟಿಗೆ, ವಯನಾಡಿಗೆ ಹೋಗುವ ಬಸ್ಸುಗಳಿಗೂ ಇಲ್ಲ. ಬಸ್ಸಿನ ಮೇಲಿನ ಹೆಸರು ಓದಿ ಹತ್ತಿ.

ಫೋನಿನ ಬ್ಯಾಟರಿ ಖಾಲಿಯಾದರೆ ಒಂದು ನಂಬರೂ ಸಿಗುವುದಿಲ್ಲ. ಮನೆಯವರ ನಂಬರನ್ನು ಚೀಟಿಯಲ್ಲಿ ನಿಮ್ಮ ಕೈಯಾರೆ ಬರೆಯಿರಿ. ಒಂದು ಚೀಟಿ ನಿಮ್ಮ ಚೀಲದಲ್ಲಿ, ಒಂದು ಮಗುವಿನ ಜೇಬಿನಲ್ಲಿ ಇರಲಿ. ದಸರಾ ಗುಂಪಿನಲ್ಲಿ ಮಗು ಕೈ ತಪ್ಪಿದರೆ ಆ ಚೀಟಿಯೇ ಅದನ್ನು ಮನೆ ಸೇರಿಸೀತು. ಮಕ್ಕಳ ಸಹಾಯವಾಣಿ 1098. ಪೊಲೀಸರ ಸಹಾಯಕ್ಕೆ 112.

ಬಸ್ಸಿನಲ್ಲಿ ಮಕ್ಕಳ ಜೊತೆ

ಬಸ್ಸಲ್ಲಿ ಕೂತ ಕೂಡಲೇ ಮಗು ಫೋನು ಕೇಳುತ್ತದೆ. ಕೊಟ್ಟರೆ ಹಟ ನಿಲ್ಲುತ್ತದೆ, ನಿಜ. ಆದರೆ ಶ್ರೀರಂಗಪಟ್ಟಣ ಬಂತು, ಕಾವೇರಿ ಹರಿಯಿತು, ಮಗು ತಲೆಯನ್ನೇ ಎತ್ತಲಿಲ್ಲ. ಅದರ ಬದಲು ಒಂದು ಆಟ ಆಡಿ. ಊರಿನ ಬೋರ್ಡು ಯಾರು ಮೊದಲು ಓದುತ್ತಾರೆ? ಮಗುವೇ ಗೆಲ್ಲಬಹುದು. ಗೆಲ್ಲಲಿ, ನಾಚಿಕೆ ಬೇಡ. ಮಗುವಿಗೆ ಆಟ, ನಿಮಗೆ ಪಾಠ.

ಮನೆಯಲ್ಲೂ ಊಟದ ಹೊತ್ತಿಗೆ ಫೋನು ಗೂಡಿನಲ್ಲಿರಲಿ. ದೂರದ ಮಗಳ ಜೊತೆ ಮಾತಾಡಲು ಫೋನು ಬೇಕು. ಎದುರಿಗೆ ಕೂತ ಮಗನ ಜೊತೆ ಮಾತಾಡಲು ಬೇಕೇ?

ಓದಿ, ಉತ್ತರಿಸಿ

1. 'ತಡೆರಹಿತ' ಎಂದರೇನು?
2. ಶಕ್ತಿ ಯೋಜನೆ ಯಾವ ಬಸ್ಸುಗಳಿಗೆ ಇಲ್ಲ?
3. ಮಗುವಿನ ಜೇಬಿಗೆ ಹಾಕುವ ಚೀಟಿಯನ್ನು ಇಲ್ಲೇ ಬರೆಯಿರಿ.

ಹೆಸರು: ..............
ತಾಯಿಯ ಹೆಸರು: ..............
ಊರು: ಹೆಬ್ಬಾಳ, ..............
ಫೋನ್ ನಂಬರು: ..............